ಭರತನ ಫೋನಿನಲ್ಲಿ ಭರತನಿಲ್ಲ

“ಬಗ್ಗ್ರಿ ಸಾಹೇಬ್ರ, ಬಗ್ಗ್ರಿ! ನಳಿನಿ ಅಮ್ಮಾರು ಬರಾಕತ್ತಾರ!”

ಭರತ ಜನರೇಟರಿನ ಹಿಂದೆ ಮೊಣಕಾಲು ಮಡಚಿ ಕುಳಿತ. ಕೈಯಲ್ಲಿದ್ದ ಫೋನನ್ನು ಎದೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದ. ನೆಲದಡಿ ವಾಹನ ನಿಲ್ಲಿಸುವ ಸೆಲ್ಲಾರಿನ ಇಳಿಜಾರಿನಲ್ಲಿ ಚಪ್ಪಲಿಯ ಸದ್ದು ಹತ್ತಿರವಾಯಿತು, ಒಂದು ಸ್ಕೂಟರಿನ ಬಳಿ ನಿಂತಿತು.

“ಬೂದೆಪ್ಪಾ, ಇದನ್ನು ಒರೆಸಿ ಎಷ್ಟು ದಿನ ಆಯ್ತು ಮಾರಾಯ?”

“ಈಗ ಒರಸ್ತೀನ್ರಿ ಅಮ್ಮಾರ.”

“ಆ ಜನರೇಟರ್ ಹಿಂದೆ ಎಂತ ಉಂಟು? ಎಂತದೋ ಅಲ್ಲಾಡಿದ ಹಾಗಾಯ್ತು.”

“ಬೆಕ್ಕು ರೀ. ಮರಿ ಹಾಕೈತಿ.”

ಹೈಟೆಕ್ ಸಿಟಿಯ ಗಾಜಿನ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಸ್ವಂತ ಕ್ಯಾಬಿನ್ ಇದ್ದ ಭರತ, ಮೆಹದಿಪಟ್ಟಣಂನ ಈ ಸೆಲ್ಲಾರಿನಲ್ಲಿ ಬಾಣಂತಿ ಬೆಕ್ಕಾಗಿ ಎರಡು ನಿಮಿಷ ಅಲುಗಾಡದೆ ಕುಳಿತ. ನಳಿನಿ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷೆ. ಉಡುಪಿಯಿಂದ ಬಂದು ಇಪ್ಪತ್ತು ವರ್ಷವಾದರೂ ಆಕೆಯ ಕುತೂಹಲಕ್ಕೆ ವಯಸ್ಸಾಗಿರಲಿಲ್ಲ. ಚಪ್ಪಲಿಯ ಸದ್ದು ಮೇಲೇರಿ ಲಿಫ್ಟಿನೊಳಗೆ ಮುಳುಗಿದ ಮೇಲೆ ಭರತ ತಲೆಯೆತ್ತಿದ.

“ಹೋದ್ರಾ?”

“ಹೋದ್ರು. ನೀವು ಓದ್ರಿ. ಎಡಗೈ ಹುಡುಗರದು ಅರ್ಧಕ್ಕ ನಿಂತೈತಿ ನೋಡ್ರಿ.”

ಭರತ ಫೋನಿನ ಮೇಲೆ ಬಗ್ಗಿದ. ಗಾಜು ಜೇಡರ ಬಲೆಯಂತೆ ಒಡೆದಿತ್ತು. ಅದು ಅವನ ಫೋನಲ್ಲ, ವಾಚ್‌ಮನ್ ಬೂದೆಪ್ಪನದು.

ಭರತನ ಕಂಪನಿಯ ಕಸುಬು ಸರಳ. ಜನ ಫೋನಿನಲ್ಲಿ ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ, ಎಲ್ಲಿ ಬೆರಳು ತಡೆಯುತ್ತಾರೆ ಎಂಬುದನ್ನೆಲ್ಲ ಯಂತ್ರಗಳು ಬರೆದುಕೊಳ್ಳುತ್ತವೆ. ಅದರಿಂದ ಒಬ್ಬೊಬ್ಬರದೂ ಒಂದು ಜಾತಕ ತಯಾರಾಗುತ್ತದೆ. ಜಾತಕ ನೋಡಿ ಅವರಿಗೆ ಚಪ್ಪಲಿಯನ್ನೋ ಕಾರನ್ನೋ ಸೊಸೆಯನ್ನೋ ತೋರಿಸಲಾಗುತ್ತದೆ. ಎಂಟು ವರ್ಷ ಊರಿನವರ ಜಾತಕ ಬರೆದ ಭರತ, ಜಿಲೇಬಿ ಕರಿಯುವವನು ಜಿಲೇಬಿ ಮುಟ್ಟದ ಹಾಗೆ, ತನ್ನ ಜಾತಕ ಮಾತ್ರ ಯಾವ ಯಂತ್ರದ ಕೈಗೂ ಸಿಗಬಾರದೆಂದು ಪಣ ತೊಟ್ಟಿದ್ದ. ಫೋನಿನ ಕ್ಯಾಮೆರಾದ ಮೇಲೆ ಹೆಂಡತಿ ತನ್ವಿಯ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದ. ತಾನು ಎಲ್ಲಿದ್ದೇನೆಂದು ಫೋನಿಗೆ ಗೊತ್ತಾಗದಂತೆ ಬಂದ್ ಮಾಡಿದ್ದ. ಅಂಗಡಿಯವರು ಬಿಲ್ಲಿಗೆ ನಂಬರ್ ಕೇಳಿದರೆ, ಮೈಸೂರಿನ ಮನೆಯಲ್ಲಿ ಎಂದೋ ಕಿತ್ತುಹಾಕಿಸಿದ್ದ ಲ್ಯಾಂಡ್‌ಲೈನಿನ ನಂಬರ್ ಹೇಳುತ್ತಿದ್ದ. ಫೋನಿನಲ್ಲಿ ನೋಡಿದ್ದನ್ನೆಲ್ಲ ಹಲ್ಲುಜ್ಜುವಷ್ಟೇ ನಿಯಮದಿಂದ ದಿನವೂ ಅಳಿಸುತ್ತಿದ್ದ.

ಅದರ ಬಗ್ಗೆ ಅವನಿಗಿದ್ದ ಹೆಮ್ಮೆ ಮಾತ್ರ ಅಳಿಸಲಾರದ್ದು. ಯುಗಾದಿಯಂದು ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಮೈಕು ಹಿಡಿದು ಮುಕ್ಕಾಲು ಗಂಟೆ ಮಾತಾಡಿದ್ದ. “ನಿಮ್ಮ ಫೋನಿನಲ್ಲಿ ನೀವಿದ್ದೀರಿ. ನನ್ನ ಫೋನಿನಲ್ಲಿ ನಾನಿಲ್ಲ!” ಎಂದು ಮುಗಿಸಿದಾಗ ಪಾಯಸ ಆರಿತ್ತು, ಚಪ್ಪಾಳೆ ಬಿಸಿಯಾಗಿತ್ತು.

ಆದರೆ ಆ ಭಾಷಣಕ್ಕೂ ಮೊದಲೇ, ಮಗಳು ಇಂಚರಳಿಗೆ ಮೂರು ತುಂಬಿದ್ದೇ ತಡ, ತಂದೆಯಾದವನಿಗೆ ಹುಡುಕದೆ ಗತಿಯಿರಲಿಲ್ಲ. ಮಗು ಎಷ್ಟು ಹೊತ್ತು ಮಲಗಬೇಕು, ಬೆರಳು ಚೀಪಿದರೆ ಏನು ಮಾಡಬೇಕು, ಯಾವ ಶಾಲೆ ಒಳ್ಳೆಯದು. ತನ್ನ ಫೋನಿನಲ್ಲಿ ಹುಡುಕಿದರೆ ಎಂಟು ವರ್ಷದ ತಪಸ್ಸು ಕೆಡುತ್ತದೆ. ಆಗ ಅವನಿಗೆ ಹೊಳೆದದ್ದು ಬೂದೆಪ್ಪ. ಸುರಪುರದ ಕಡೆಯವನು, ಐವತ್ತೆಂಟರ ಮನುಷ್ಯ. ಮಗಳು ಶಿವದೇವಿ ಗಚ್ಚಿಬೌಲಿಯ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ನಾಲ್ಕು ವರ್ಷದ ಕೂಸು ರೇಣುಕಾ ಗೇಟಿನ ಪಕ್ಕದ ಕೋಣೆಯಲ್ಲಿ ಅಜ್ಜನ ಜೊತೆಗಿದ್ದಳು. ಇಂಥ ಮನುಷ್ಯನ ಫೋನನ್ನು ಯಾವ ಯಂತ್ರ ಮೂಸುತ್ತದೆ?

ಹೀಗೆ ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಸೆಲ್ಲಾರಿನಲ್ಲಿ ಭರತನ ಗುಪ್ತ ಅಧ್ಯಯನ ನಡೆಯುತ್ತಿತ್ತು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಕನ್ನಡದಲ್ಲಿ ಬೂದೆಪ್ಪನಿಗೆ ಗಟ್ಟಿಯಾಗಿ ವಿವರಿಸುತ್ತಿದ್ದ. ಬೂದೆಪ್ಪ ಕುಕ್ಕರಗಾಲಲ್ಲಿ ಕುಳಿತು ಕೇಳುತ್ತಿದ್ದ.

ಅಷ್ಟು ಹೊತ್ತು ಬೂದೆಪ್ಪನ ಫೋನು ಭರತನ ಕೈಯಲ್ಲಿರುತ್ತಿತ್ತಲ್ಲ, ಬೂದೆಪ್ಪನ ಕೆಲಸಗಳು ಭರತನ ಫೋನಿಗೆ ಬಿದ್ದವು.

“ಸಾಹೇಬ್ರ, ಮೊಣಕಾಲ ನೋವಿಗೆ ಯಾವ ಎಣ್ಣಿ ಚಲೋ ನೋಡ್ರಲ್ಲ.”

“ಮಳಿಗಾಲಕ್ಕ ಗಂಬೂಟ್ ಎಲ್ಲಿ ಸಿಗತಾವು ನೋಡ್ರಿ.”

“ದೊಡ್ಡ ಬೆಳಕಿನ ಬ್ಯಾಟರಿ. ಮತ್ತ ಒಂದು ಸೀಟಿ. ಇದು ಊದಿದ್ರ ಬರೇ ಗಾಳಿ ಬರತೈತಿ.”

ಭರತ ನಗುತ್ತ ಹುಡುಕಿಕೊಡುತ್ತಿದ್ದ. ಇದು ತನ್ನ ಬುದ್ಧಿವಂತಿಕೆಗೆ ಸಿಕ್ಕ ಹೆಚ್ಚಿನ ಬಹುಮಾನವೆಂದು ಅವನ ಲೆಕ್ಕ. ಅಪ್ಪಿತಪ್ಪಿ ಯಂತ್ರ ತನ್ನ ಫೋನಿಗೆ ಇಣುಕಿದರೂ ಅದಕ್ಕೆ ಕಾಣುವುದು ಗಂಬೂಟು!

“ಇನ್ನೊಂದೇ ಒಂದು, ಬೂದೆಪ್ಪಾ. ‘ನಾಲ್ಕು ವರ್ಷದ ಮಗುವಿಗೆ ಶಾಲೆಯಲ್ಲಿ ಏನು ಪ್ರಶ್ನೆ ಕೇಳುತ್ತಾರೆ’ ಅಂತ.”

ಉತ್ತರ ತೆರೆಯುವಷ್ಟರಲ್ಲಿ ಪರದೆಯ ಮೇಲಿಂದ ಒಂದು ಬಣ್ಣದ ಪಟ್ಟಿ ಇಳಿದು ಅರ್ಧ ಗಾಜನ್ನು ಮುಚ್ಚಿತು. ಬಿರುಕುಗಳ ಮಧ್ಯೆ ಒಂದು ಹಕ್ಕಿಯ ಕೊಕ್ಕು, ಇಂಗ್ಲಿಷಿನಲ್ಲಿ ಅಭಿನಂದನೆ, ಕೆಳಗೊಂದು ಹಸಿರು ಗುಂಡಿ. ಭರತ ಸೊಳ್ಳೆ ಹೊಡೆದ ಹಾಗೆ ಗುಂಡಿ ಹೊಡೆದ. ಪಟ್ಟಿ ಮಾಯವಾಯಿತು.

“ಏನ್ರಿ ಅದು?”

“ಜಾಹೀರಾತು. ಇಂಥದ್ದನ್ನೆಲ್ಲ ಓದೋಕೆ ಹೋಗಬಾರದು ಬೂದೆಪ್ಪಾ. ಹಸಿರು ಒತ್ತಿದರೆ ತೊಲಗತ್ತೆ.”

“ಹಂಗೇನ್ರಿ,” ಎಂದ ಬೂದೆಪ್ಪ ಫೋನನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗಿಟ್ಟುಕೊಂಡ.

ಒಂಬತ್ತರ ಹೊತ್ತಿಗೆ ಭರತನ ಮನೆಯ ಸೋಫಾದಲ್ಲಿ ನಳಿನಿ ಕುಳಿತಿದ್ದಳು. ಕೈಯಲ್ಲಿ ಕಾಫಿ, ಮುಖದಲ್ಲಿ ಸುದ್ದಿ. ಮೂಲೆಯಲ್ಲಿ ಇಂಚರ ಎಡಗೈಯಲ್ಲಿ ಚಮಚ ಹಿಡಿದು ಕಾರ್ಟೂನು ನೋಡುತ್ತ ಉಪ್ಪಿಟ್ಟು ಕೆದಕುತ್ತಿದ್ದಳು.

“ಬಲಗೈ, ಬಲಗೈ!” ಎಂದು ಭರತ ಗದರಿ ಚಮಚವನ್ನು ಆ ಕೈಗೆ ಬದಲಾಯಿಸಿದ.

“ಸೆವೆನ್ ಹಾರ್ನ್‌ಬಿಲ್ಸ್ ಸ್ಕೂಲಿಂದ ನಮ್ಮ ಮಗಳಿಗೆ ಬಂತಲ್ಲ ಆಮಂತ್ರಣ!” ಎಂದಳು ನಳಿನಿ. “ಹಿಮಾಯತ್‌ನಗರದ್ದು. ಅಲ್ಲಿ ಅರ್ಜಿ ಇಲ್ಲ, ಕ್ಯೂ ಇಲ್ಲ, ಶಿಫಾರಸು ಇಲ್ಲ. ಮಕ್ಕಳ ಬಗ್ಗೆ ಯಾರು ನಿಜವಾಗಿ ತಲೆ ಕೆಡಿಸಿಕೊಳ್ತಾರೆ ಅಂತ ಅವರ ಕಂಪ್ಯೂಟರೇ ಹುಡುಕ್ತದೆ. ಫೋನಿಗೇ ಬರ್ತದೆ. ಇವತ್ತೇ ಕೊನೆ, ಹನ್ನೆರಡರ ಒಳಗೆ.”

ತನ್ವಿ ಟ್ರೇ ಹಿಡಿದು ನಿಂತಲ್ಲೇ ನಿಂತಳು. ಆ ಶಾಲೆಯ ಹೆಸರನ್ನು ಅವಳು ಒಂದು ವರ್ಷದಿಂದ ದೇವರ ನಾಮದ ಹಾಗೆ ಜಪಿಸಿದ್ದಳು.

“ಕೇಳಿ ಇಲ್ಲಿ,” ನಳಿನಿ ದನಿ ತಗ್ಗಿಸಿದಳು. “ಒಂದೊಂದು ಏರಿಯಾದ ಅತ್ಯುತ್ತಮ ಪೋಷಕರಿಗೆ ಹತ್ತನೇ ಕ್ಲಾಸಿನವರೆಗೆ ಫೀಸೇ ಇಲ್ಲ. ಮೆಹದಿಪಟ್ಟಣಂದು ನಮ್ಮ ಅಪಾರ್ಟ್‌ಮೆಂಟಿಗೇ ಬಂದಿದೆಯಂತೆ! ಕರೆದುಕೊಂಡು ಹೋಗಲಿಕ್ಕೆ ಕಾರೂ ಬರ್ತದಂತೆ. ನಮ್ಮದಂತೂ ಫೀಸ್ ಕಟ್ಟುವ ಸೀಟೇ. ಹಾಗಾದ್ರೆ ನಿಮಗೇ ಅಂತ ಎಣಿಸಿ ಓಡಿ ಬಂದೆ.”

ತನ್ವಿ ಗಂಡನನ್ನು ನೋಡಿದಳು. “ಭರತ್, ಫೋನ್ ನೋಡು.”

ಭರತ ನೋಡಿದ. ಎಂಟು ವರ್ಷದಿಂದ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಏನೂ ಇರಲಿಲ್ಲ.

“ಹೇಗೆ ಬರತ್ತೆ? ಅವರಿಗೆ ನಾನು ಇರೋದೇ ಗೊತ್ತಿಲ್ಲ.” ಯುಗಾದಿಯಂದು ಇದೇ ಮಾತಿಗೆ ಚಪ್ಪಾಳೆ ಬಿದ್ದಿತ್ತು. ಇಂದು ತನ್ವಿ ಟ್ರೇಯನ್ನು ಮೇಜಿನ ಮೇಲೆ ಇಟ್ಟ ಸದ್ದಷ್ಟೇ ಕೇಳಿತು.

“ಗೊತ್ತು ಮಾಡಿಸು,” ಎಂದಳು. “ಹನ್ನೆರಡು ಗಂಟೆ ಒಳಗೆ.”

ಭರತ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಮದುವೆಮನೆಯಲ್ಲಿ ಮುಖ ಮುಚ್ಚಿಕೊಂಡಿದ್ದವಳು ಊಟದ ಪಂಕ್ತಿಗೆ ಸೆರಗು ಸರಿಸಿದಂತೆ, ಬಂದ್ ಮಾಡಿದ್ದನ್ನೆಲ್ಲ ಒಂದೊಂದಾಗಿ ತೆರೆದ. ಕ್ಯಾಮೆರಾದ ಬೊಟ್ಟು ಕಿತ್ತ. ನಿಜವಾದ ಹೆಸರು ಕೊಟ್ಟ, ಹುಟ್ಟಿದ ದಿನ ಕೊಟ್ಟ. ತಾನಿರುವ ಜಾಗ ತೋರಿಸಿದ. ಹಣೆಯ ಬೆವರು ಒರೆಸಿಕೊಂಡು ಹುಡುಕುವ ಜಾಗದಲ್ಲಿ ಅರ್ಜಿಯನ್ನೇ ಬರೆದ: ‘ನಾನು ಭರತ. ನನಗೆ ನಾಲ್ಕು ತುಂಬಲಿರುವ ಮಗಳಿದ್ದಾಳೆ. ಅವಳ ವಿದ್ಯಾಭ್ಯಾಸದಲ್ಲಿ ನನಗೆ ಬಹಳ ಆಸಕ್ತಿ ಇದೆ.’

ಫೋನು ಹಳೆಯ ಗುಮಾಸ್ತನ ಹಾಗೆ ಒಂದು ಕ್ಷಣ ಯೋಚಿಸಿ, ಮೂರು ಜೊತೆ ಗಂಬೂಟು ತೋರಿಸಿತು.

ಭರತ ಮತ್ತೆ ಬರೆದ. ಮೊಣಕಾಲಿನ ಎಣ್ಣೆ ಬಂತು. ಇಂಗ್ಲಿಷಿನಲ್ಲಿ ಬರೆದ. ‘ಕನ್ನಡದಲ್ಲಿ ನೋಡಲು ನೀವು ಇಷ್ಟಪಡುತ್ತೀರಿ’ ಎಂದು ಹೇಳಿ ಅದು ಸೀಟಿ ತೋರಿಸಿತು.

ಇನ್ನು ಶಾಲೆಯ ಬಾಗಿಲಲ್ಲೇ ಹೋಗಿ ನಿಲ್ಲುವುದು. ಎಲ್ಲಿ ನಿಂತಿದ್ದಾನೆಂದು ನೋಡಿಯಾದರೂ ಯಂತ್ರಕ್ಕೆ ಬುದ್ಧಿ ಬರಲಿ. ಭರತ ಮೆಟ್ಟಿಲಿಳಿದು ಗೇಟಿಗೆ ಬಂದರೆ ಬೂದೆಪ್ಪನ ಕುರ್ಚಿ ಖಾಲಿ. ಕುರ್ಚಿಯ ಬೆನ್ನಿಗೆ ಸೀಟಿ ನೇತಾಡುತ್ತಿತ್ತು. ಹೊರಗಿನಿಂದ ಒಂದು ಕಾರು ಹಾರ್ನ್ ಹೊಡೆಯಿತು, ಇನ್ನೊಮ್ಮೆ ಉದ್ದಕ್ಕೆ ಹೊಡೆಯಿತು. ಬೇರೆ ಯಾರೂ ಇರಲಿಲ್ಲವಾದ್ದರಿಂದ ಭರತನೇ ಗೇಟು ತಳ್ಳಿದ. ಕಾರಿನವನು ಕಿಟಕಿ ಇಳಿಸಿ, ಹೊಸ ವಾಚ್‌ಮನ್ ಬಂದನೇ ಎಂದು ತೆಲುಗಿನಲ್ಲಿ ವಿಚಾರಿಸಿದ.

ಮೂರನೇ ಮಹಡಿಯಿಂದ ನಳಿನಿಯ ದನಿ ಬಂತು. “ಬೂದೆಪ್ಪ ಎಲ್ಲಿ ಸತ್ತ? ಭರತಾ, ಗೇಟು ಸ್ವಲ್ಪ ಹಾಕಿ ಹೋಗಿ ಆಯ್ತಾ!”

ಭರತ ಗೇಟು ಹಾಕಿದ. ಆ್ಯಪು ಬಳಸದ ಅವನಿಗೆ ಕಾರು ಕರೆಸುವ ದಾರಿ ಇರಲಿಲ್ಲ. ರಸ್ತೆಯಲ್ಲಿ ಓಡಿ ಒಂದು ಆಟೋ ಹಿಡಿದ. ಮಾಸಾಬ್ ಟ್ಯಾಂಕ್ ದಾಟುವಾಗ ಹತ್ತೂವರೆ. ಲಕಡೀಕಾಪೂಲಿನ ಹತ್ತಿರ ವಾಹನಗಳು ಅಂಟಿಕೊಂಡು ನಿಂತಾಗ ಹತ್ತೂ ಐವತ್ತು. ಭರತ ಹಿಂದಿನ ಸೀಟಿನಲ್ಲಿ ಕಾಲು ಕುಟ್ಟುತ್ತಿದ್ದ.

“ಕಾಯ್ಕು ಟೆನ್ಷನ್ ಲೇತೆ ಸಾಬ್,” ಎಂದ ಆಟೋದವನು ಕನ್ನಡಿಯಲ್ಲಿ ಅವನನ್ನೇ ನೋಡುತ್ತ. “ಬಿಂದಿ ಅಚ್ಛೀ ಹೈ.”

ಭರತ ಹಣೆ ಮುಟ್ಟಿಕೊಂಡ. ಕ್ಯಾಮೆರಾದ ಬೊಟ್ಟು ಅಲ್ಲಿಗೆ ಬಂದು ಕುಳಿತಿತ್ತು.

ಹಿಮಾಯತ್‌ನಗರದ ಅಂಗಡಿಸಾಲು ಮುಗಿಯುವಲ್ಲಿ ಶಾಲೆಯಿತ್ತು. ಎತ್ತರದ ಕಪ್ಪು ಗೇಟು, ಅದರ ಮೇಲೆ ಏಳು ಹಕ್ಕಿ. ಗೇಟಿನಲ್ಲಿದ್ದ ಬಿಳಿ ಮೀಸೆಯ ಮನುಷ್ಯ ಭರತನ ಮುಖವನ್ನೂ ನೋಡದೆ ಹಿಂದಿಯಲ್ಲಿ, ಫೋನಿಗೆ ಆಮಂತ್ರಣ ಬಂದಿದ್ದರೆ ತೋರಿಸಬೇಕು, ಇಲ್ಲದಿದ್ದರೆ ಹಿಂದೆ ಸರಿಯಬೇಕು ಎಂದ.

ಭರತ ಫೋನನ್ನು ಆರತಿಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಗೇಟಿನ ಎದುರು ನಿಂತ. ಎಡಕ್ಕೆ ನಡೆದ, ಬಲಕ್ಕೆ ನಡೆದ. ಗೋಡೆಯುದ್ದಕ್ಕೂ ಹೋಗಿ ಬಂದ. ಇನ್ನೇನು ಹನ್ನೊಂದೂಕಾಲು. ಎಂಟು ವರ್ಷದಲ್ಲಿ ಮೊದಲ ಬಾರಿ ಅವನು ಮನಸ್ಸಿನಲ್ಲೇ ಯಂತ್ರಕ್ಕೆ ಕೈಮುಗಿದ. ನೋಡಪ್ಪಾ, ನಾನು ಇಲ್ಲಿದ್ದೇನೆ. ನನ್ನನ್ನು ಗುರುತಿಸು.

ಫೋನು ನಡುಗಿತು. ಒಂದು ಬಣ್ಣದ ಪಟ್ಟಿ ಇಳಿಯಿತು. ಹಕ್ಕಿಯ ಕೊಕ್ಕು! ‘ಅಭಿನಂದನೆಗಳು! ಸೆವೆನ್ ಹಾರ್ನ್‌ಬಿಲ್ಸ್ ನಿಮ್ಮನ್ನೇ ಹುಡುಕುತ್ತಿದೆ!’ ಕೆಳಗೆ ಹಸಿರು ಗುಂಡಿ.

ಭರತ ಮುಂದೆ ಓದಲಿಲ್ಲ. ಹಸಿರು ಒತ್ತಿದ. ಎದೆ ಸೆಟೆಸಿ, ತಲೆಯೆತ್ತಿ, ಗೇಟಿನವನ ಮೂಗಿನ ಮುಂದೆ ಫೋನು ಹಿಡಿದ. “ಏನ್ ಹೇಳ್ತೀರಾ ಈಗ? ನೋಡಿ!” ಎಂಬುದು ಕನ್ನಡದಲ್ಲೇ ಬಾಯಿಂದ ಹೊರಟಿತು.

ಗೇಟಿನವನ ಮುಖ ಅರಳಿತು. “ಅಯ್ಯ ನಮ್ಮವರ ಅದೀರಿ! ಮೊದಲ ಹೇಳಬಾರದೇನ್ರಿ? ನಾನು ಸಂಗಣ್ಣ, ಹುಮನಾಬಾದ ಕಡಿಯಾವ. ಬರ್ರಿ, ಬರ್ರಿ. ಮುಂಜಾನಿಂದ ನಿಮ್ಮ ದಾರೀನ ಕಾಯಾಕತ್ತೀನಿ.”

ಅವನು ಭರತನ ಕೈ ಹಿಡಿದು ದೊಡ್ಡ ಗೇಟಿನ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಕರೆದೊಯ್ದ. ಇಷ್ಟು ಮರ್ಯಾದೆ ಭರತನಿಗೆ ತನ್ನ ಕಂಪನಿಯಲ್ಲೂ ಸಿಕ್ಕಿರಲಿಲ್ಲ. ಹೆಮ್ಮೆಯಿಂದ ಉಬ್ಬಿಕೊಂಡು ನಡೆದ. ಸಂಗಣ್ಣ ಒಂದು ಪುಟ್ಟ ಕೋಣೆಯ ಬೀಗ ತೆಗೆದು, ಗೂಟದಿಂದ ನೀಲಿ ಟೋಪಿ ತೆಗೆದು, ಧೂಳು ಕೊಡವಿ ಭರತನ ತಲೆಗಿಟ್ಟ.

“ಅಳತಿ ಬರಾಬರಿ ಬಂತು ನೋಡ್ರಿ.”

“ಪೋಷಕರಿಗೂ ಟೋಪಿ ಇದ್ಯಾ?”

“ಯಾವ ಪೋಷಕರು? ನಾ ಇವತ್ತಿಗೆ ರಿಟೈರ್ ಆಗಾಕತ್ತೀನ್ರಿ. ನನ್ನ ಜಾಗಕ್ಕ ಬಂದಾವರು ನೀವಲ್ಲೇನ್ರಿ?”

ಭರತ ಫೋನು ತಿರುಗಿಸಿ ಉಳಿದ ಸಾಲುಗಳನ್ನು ಓದಿದ. ‘ಕಾವಲುಗಾರರು ಬೇಕಾಗಿದ್ದಾರೆ. ನಿಮ್ಮ ಅನುಭವ ಮತ್ತು ಆಸಕ್ತಿಗಳ ಆಧಾರದ ಮೇಲೆ ನೀವು ಶೇಕಡಾ ತೊಂಬತ್ತೆಂಟು ಸೂಕ್ತ. ಊಟ, ಗಂಬೂಟು ಉಚಿತ.’

ಅವನು ಬಾಯಿ ತೆರೆಯುವ ಮೊದಲೇ ಎದುರಿನ ಗಾಜಿನ ಗೋಡೆಯಾಚೆ ಒಂದು ನೋಟ ಅವನ ಬಾಯಿ ಮುಚ್ಚಿಸಿತು. ಮೆತ್ತನೆಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ರುಮಾಲು ತೊಡೆಯ ಮೇಲಿಟ್ಟುಕೊಂಡು ಬೂದೆಪ್ಪ ಕುಳಿತಿದ್ದ. ಎದುರಿಗೆ ಪುಟ್ಟ ಮೇಜಿನಲ್ಲಿ ಎರಡು ಜಡೆಯ ರೇಣುಕಾ ಚಿತ್ರ ಬರೆಯುತ್ತಿದ್ದಳು. ಎಡಗೈಯಲ್ಲಿ.

ಬಾಗಿಲು ಅರ್ಧ ತೆರೆದಿತ್ತು. ಭರತ ಟೋಪಿಯ ಸಮೇತ ಅದರ ಪಕ್ಕಕ್ಕೆ ಹೋಗಿ ನಿಂತ. ಟೋಪಿ ಹಾಕಿದವನು ಬಾಗಿಲಲ್ಲಿ ನಿಂತರೆ ಯಾರೂ ಯಾಕೆಂದು ಕೇಳುವುದಿಲ್ಲ. ಎಂಟು ವರ್ಷ ಅವನು ಬಯಸಿದ ಅದೃಶ್ಯತೆ ಒಂದು ಟೋಪಿಯಿಂದ ಸಿಕ್ಕಿತ್ತು.

ಪ್ರವೇಶದ ಉಸ್ತುವಾರಿ ನೋಡುವ ನಿಖಿತಾ ಮೇಡಂ ಹಿಂದಿಯಲ್ಲಿ ಮಾತಾಡುತ್ತಿದ್ದಳು. “ಎಂಟು ತಿಂಗಳು, ಒಂದು ದಿನವೂ ತಪ್ಪಿಸದೆ ಓದಿದ್ದೀರಿ. ಮಗುವಿನ ನಿದ್ದೆ, ಸಿಟ್ಟು, ಕತೆ ಹೇಳುವುದು. ಎಡಗೈ ಮಕ್ಕಳ ಬಗ್ಗೆಯೇ ನಲವತ್ತು ಲೇಖನ! ಈ ಊರಿನಲ್ಲಿ ಮಗುವಿಗಾಗಿ ಇಷ್ಟು ಯೋಚಿಸಿದ ಮನುಷ್ಯ ಇನ್ನೊಬ್ಬ ನಮ್ಮ ಕಂಪ್ಯೂಟರಿಗೆ ಸಿಗಲಿಲ್ಲ.”

ಬಾಗಿಲ ಹಿಂದೆ ಭರತನ ಎದೆ ತಾನಾಗಿ ಉಬ್ಬಿತು. ಅದು ಅವನಿಗೆ ಸಂದ ಹೊಗಳಿಕೆ. ಒಂದು ಕ್ಷಣ ‘ಥ್ಯಾಂಕ್ಸ್’ ಎಂದೇ ಬಿಡುತ್ತಿದ್ದ.

“ಓದಿದವರು ಬೇರೆ ಮೇಡಂ,” ಎಂದ ಬೂದೆಪ್ಪ ತನ್ನ ದಖ್ಖನಿ ಉರ್ದುವಿನಲ್ಲಿ. “ನಾನು ಕೇಳಿದವನು ಅಷ್ಟೇ.”

ನಿಖಿತಾ ಅದನ್ನು ವಿನಯವೆಂದು ತಿಳಿದು ನಕ್ಕಳು. “ಮಗುವಿನ ಕೈ ನೀವು ಬದಲಿಸಿಲ್ಲ.”

“ಮೊದಲು ಹೊಡೆಯುತ್ತಿದ್ದೆ. ಹೊಡೆದರೆ ಮಾತು ತೊದಲುತ್ತದೆ ಎಂದು ಕೇಳಿದೆ. ಅವತ್ತಿನಿಂದ ಬಿಟ್ಟೆ. ಸಂಜೆ ದಿನಾ ಒಂದು ಕತೆ ಹೇಳಬೇಕು ಎಂದು ಕೇಳಿದೆ. ಹೇಳುತ್ತೇನೆ.”

“ಅಜ್ಜ ಹೇಳಿದ ಕತೆಯಲ್ಲಿ ಯಾವುದು ಇಷ್ಟ?” ಎಂದು ನಿಖಿತಾ ರೇಣುಕಾಳನ್ನು ಕೇಳಿದಳು.

ರೇಣುಕಾ ಪೆನ್ಸಿಲು ಎತ್ತದೆಯೇ ಹೇಳಿದಳು. “ಜನರೇಟರ್ ಹಿಂದಿನ ಬೆಕ್ಕಿಂದು.”

ಕನ್ನಡ ತಿಳಿಯದಿದ್ದರೂ ನಿಖಿತಾ ನಕ್ಕಳು. ಮಧ್ಯಾಹ್ನ ಹನ್ನೆರಡರೊಳಗೆ ಇದೇ ಫೋನಿನಲ್ಲಿ ಒಪ್ಪಿಗೆ ಒತ್ತಿದರೆ ಸೀಟು ಖಚಿತ, ಯೋಚಿಸಿ ಒತ್ತಿರಿ ಎಂದು ಹೇಳಿ ಒಳಗೆ ಹೋದಳು.

ಭರತ ಒಳಕ್ಕೆ ನುಗ್ಗಿದ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ನಲವತ್ತು.

“ಬೂದೆಪ್ಪನೋರೇ!”

‘ನೋರೇ’ ಎಂಬುದು ಎಂಟು ತಿಂಗಳಲ್ಲಿ ಮೊದಲ ಸಲ ಬಂದದ್ದು. ಬೂದೆಪ್ಪ ಗಡಬಡಿಸಿ ಎದ್ದು ನಿಂತ. ಟೋಪಿ ನೋಡಿದ, ಹಣೆಯ ಬೊಟ್ಟು ನೋಡಿದ.

“ಸಾಹೇಬ್ರ, ಇದೇನು ವೇಷ?”

“ಅದಿರಲಿ. ನೀವು ಇಲ್ಲಿಗೆ ಹೇಗೆ ಬಂದ್ರಿ?”

“ಫೋನ್ ಬಂತ್ರಿ. ಬರ್ತೀನಿ ಅಂತ ಹಸಿರು ಒತ್ತೀರಿ, ಕಾರ್ ಕಳಸ್ತೀವಿ ಅಂದ್ರು. ಒತ್ತಿದಾವರು ನೀವ ಅಲ್ರಿ? ನಿಮಗ ಹೇಳಾಕ ಮ್ಯಾಲ ಬಂದಿದ್ದೆ. ಬಾಲ್ಕನಿ ಬಾಗಲಾ ಹಾಕ್ಕೊಂಡಾರ, ಈಗ ಮಾತಾಡ್ಸಬ್ಯಾಡ ಅಂದ್ರು ತನ್ವಿ ಅಮ್ಮಾರು.”

“ಬೂದೆಪ್ಪನೋರೇ, ಅರ್ಥ ಮಾಡಿಕೊಳ್ಳಿ. ಅದು ನನ್ನ ಜಾತಕ. ನಿಮ್ಮ ಫೋನಿನಲ್ಲಿ ಇರೋನು ನಾನು!”

“ಹೌದ್ರಿ,” ಎಂದ ಬೂದೆಪ್ಪ ಶಾಂತವಾಗಿ. “ಯುಗಾದಿ ದಿವಸ ಮೈಕ್ನಾಗ ಅಂದ್ರಿ, ನನ್ನ ಫೋನ್ನಾಗ ನಾ ಇಲ್ಲ ಅಂತ. ಎಲ್ಲಾರೂ ಚಪ್ಪಾಳಿ ಹೊಡದ್ರು. ನೀವು ಎಲ್ಲಿ ಅದೀರಿ ಅನ್ನೂದು ನನಗೊಬ್ಬಗ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ ನೋಡ್ರಿ.”

ಭರತ ರೇಣುಕಾಳ ಚಿತ್ರದ ಕಡೆ ನೋಡಿದ. ಒಂದು ದೊಡ್ಡ ಪೆಟ್ಟಿಗೆ, ಅದರ ಹಿಂದೆ ಕನ್ನಡಕ ಹಾಕಿಕೊಂಡ ಬೆಕ್ಕು. ಕಣ್ಣು ಬೇರೆ ಕಡೆ ತಿರುಗಿಸಿದ. ಮನೆಯಲ್ಲಿ ತನ್ವಿ ಗಡಿಯಾರ ನೋಡುತ್ತಿರುತ್ತಾಳೆ. ಇಂಚರ ಬಲಗೈಯಲ್ಲಿ ಉಪ್ಪಿಟ್ಟು ಚೆಲ್ಲುತ್ತಿರುತ್ತಾಳೆ. ಇನ್ನು ಹದಿನೈದು ನಿಮಿಷ.

“ಒಂದು ಕೆಲಸ ಮಾಡೋಣ.” ಅವನು ತನ್ನ ಫೋನು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದ. “ಇದನ್ನ ತಗೊಳ್ಳಿ. ಹೊಚ್ಚ ಹೊಸದು. ಗಾಜು ಒಡೆದಿಲ್ಲ. ನಿಮ್ಮ ಹಳೇದು ನನಗೆ ಕೊಡಿ. ಫೋನಿಗೆ ಫೋನು. ಇವತ್ತಿಂದ ಇದು ಪೂರ್ತಿ ನಿಮ್ಮದು.”

ಬೂದೆಪ್ಪ ಕೈ ಒರೆಸಿಕೊಂಡು ಫೋನನ್ನು ಮರ್ಯಾದೆಯಿಂದ ತೆಗೆದುಕೊಂಡ. ತಿರುಗಿಸಿ ನೋಡಿದ. ಅಷ್ಟರಲ್ಲಿ ಅದು ಬೆಳಗಿತು. ಅವನು ಕಣ್ಣು ಕಿರಿದು ಮಾಡಿ ಅಕ್ಷರ ಕೂಡಿಸಿ ಓದಿದ. “ಕಾವಲುಗಾರ... ನಾಳೆಯಿಂದಲೇ... ಕೆಲಸಕ್ಕೆ... ಹಾಜರಾಗಿ.”

ಒಂದು ಸಲ ಭರತನ ತಲೆಯ ಮೇಲಿನ ನೀಲಿ ಟೋಪಿ ನೋಡಿದ. ಮೊಮ್ಮಗಳ ಎಡಗೈ ನೋಡಿದ. ನೆಟ್ಟಗೆ ನಿಂತು, ಅಂಗಿ ಜಗ್ಗಿ ಸರಿಮಾಡಿಕೊಂಡು, ಹೊಸ ಫೋನನ್ನು ಭರತನ ಅಂಗೈಗೆ ವಾಪಸ್ಸಿಟ್ಟ. ತನ್ನ ಒಡಕು ಫೋನು ತೆಗೆದು ಬಿರುಕುಗಳ ನಡುವೆ ಹಸಿರು ಗುಂಡಿ ಹುಡುಕಿ ಹೆಬ್ಬೆರಳು ಊರಿದ.

“ಒಲ್ಲೆ ರೀ ಸಾಹೇಬ್ರ,” ಎಂದ. “ನಿಮ್ಮದರಾಗ ವಾಚ್‌ಮನ್ ನೌಕರಿ ಐತಿ. ಅದು ನನ್ನ ಕಡೆ ಆಗ್ಲೇ ಐತಿ.”